ಮರದ ಸಿಪ್ಪೆಯ ಹಾಸಿನಲ್ಲಿ ಹಾವಿಗೆ ಆಹಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಾಯಿ, ಬೆಕ್ಕು, ದನಕರುಗಳದ್ದೇ ದೊಡ್ಡ ಪಾಲು. ಆದರೆ ಹಾವು ಸಾಕುವುದು ಕಾನೂನುಬದ್ಧವೂ ಸಾಮಾನ್ಯವೂ ಆಗಿರುವ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಬರೆದ ಕೆಲವು ಪತ್ರಗಳು ನಮ್ಮಲ್ಲಿ ಉಳಿದಿದ್ದವು. ಅವುಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇರುವುದರಿಂದ ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ 12 ವರ್ಷದ ಮಗ ಕಾರ್ನ್ ಸ್ನೇಕ್ ಸಾಕಿದ್ದಾನೆ. ಅಂಗಡಿಯವರು ಹೇಳಿದಂತೆ ಗಾಜಿನ ಪೆಟ್ಟಿಗೆಯ ತಳಕ್ಕೆ ಆಸ್ಪೆನ್ ಎಂಬ ಮರವನ್ನು ಹೆರೆದಾಗ ಬರುವ ತೆಳು ಸಿಪ್ಪೆ ಹರಡಿದ್ದೇವೆ. ಕಳೆದ ವಾರ ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಕರಗಿಸಿ ಒಳಗೆ ಹಾಕಿದಾಗ, ಅದಕ್ಕೆ ಮೆತ್ತಿಕೊಂಡಿದ್ದ ನಾಲ್ಕಾರು ಸಿಪ್ಪೆಗಳನ್ನೂ ಹಾವು ನುಂಗಿಬಿಟ್ಟಿತು. ಕರುಳು ಕಟ್ಟಿ ಸತ್ತುಹೋಗುತ್ತದೆ ಎಂದು ಅವನ ಗೆಳೆಯ ಹೆದರಿಸಿದ್ದಾನೆ. ಮಗ ರಾತ್ರಿಯೆಲ್ಲ ಪೆಟ್ಟಿಗೆಯ ಮುಂದೆ ಕೂರುತ್ತಿದ್ದಾನೆ. ಸಿಪ್ಪೆಯನ್ನೆಲ್ಲ ತೆಗೆದು ಕಾಗದ ಹಾಸಬೇಕೇ?
ಓದುಗರೊಬ್ಬರು, ಪ್ಲೇನೋ, ಟೆಕ್ಸಸ್

ಉತ್ತರ: ಮಗನನ್ನು ಮೊದಲು ಮಲಗಲು ಕಳುಹಿಸಿ. ಆರೋಗ್ಯವಾಗಿರುವ, ಸಾಕಷ್ಟು ಬೆಚ್ಚಗಿರುವ, ನೀರು ಕುಡಿಯುತ್ತಿರುವ ಬೆಳೆದ ಕಾರ್ನ್ ಸ್ನೇಕ್ ನಾಲ್ಕಾರು ತೆಳು ಸಿಪ್ಪೆಗಳನ್ನು ನುಂಗಿದ ಮಾತ್ರಕ್ಕೆ ಸಾಯುವುದಿಲ್ಲ. ಸಾಮಾನ್ಯವಾಗಿ ಅವು ಮುಂದಿನ ಹಿಕ್ಕೆಯೊಂದಿಗೆ ಹೊರಬೀಳುತ್ತವೆ.

ಹೀಗೆ ಹೇಳಲು ಕಾರಣವಿದೆ. ಹಾವು ಅಗಿಯುವ ಪ್ರಾಣಿಯಲ್ಲ, ಇಡಿಯಾಗಿ ನುಂಗುವ ಪ್ರಾಣಿ. ಅದರ ಜಠರದ ಆಮ್ಲ ಇಲಿಯ ಮಾಂಸವನ್ನಷ್ಟೇ ಅಲ್ಲದೆ ಮೂಳೆಯನ್ನೂ ಕರಗಿಸುತ್ತದೆ, ಆದರೆ ಕೂದಲನ್ನು ಕರಗಿಸಲಾರದು. ಪ್ರತಿ ಊಟದಲ್ಲೂ ಒಂದು ಇಲಿಯ ಮೈಮೇಲಿನ ಅಷ್ಟೂ ಕೂದಲು ಹಾವಿನ ಕರುಳಿನ ಉದ್ದಕ್ಕೂ ಸಾಗಿ, ಮುದ್ದೆಯಾಗಿ ಹೊರಬರುತ್ತದೆ. ಜೀರ್ಣವಾಗದ ವಸ್ತುವನ್ನು ಮುಂದಕ್ಕೆ ತಳ್ಳುವ ಕೆಲಸ ಆ ಕರುಳಿಗೆ ಹೊಸತಲ್ಲ. ಮರದ ನಾರೂ ಹಾಗೆಯೇ ಜೀರ್ಣವಾಗದೆ ಸಾಗುತ್ತದೆ; ಪ್ರಮಾಣ ಅಲ್ಪವಾಗಿರುವವರೆಗೆ ಅದು ತೊಂದರೆ ಕೊಡುವುದು ಅಪರೂಪ.

ಹಾಗಾದರೆ ಅಪಾಯವೇ ಇಲ್ಲವೆ ಎಂದರೆ, ಇದೆ. ಆದರೆ ಅದು ಜನ ಹೆದರುವಂತೆ ಕರುಳಿನಲ್ಲಲ್ಲ, ಅದಕ್ಕಿಂತ ಮೊದಲು ಬಾಯಿಯಲ್ಲಿರುತ್ತದೆ. ಹಾವಿನ ಹಲ್ಲುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಒಮ್ಮೆ ಸಿಕ್ಕಿಕೊಂಡ ಚೂರನ್ನು ಉಗುಳಿಬಿಡುವುದು ಅದಕ್ಕೆ ಸುಲಭವಲ್ಲ. ಚೂಪಾದ ಅಂಚಿನ ಸಿಪ್ಪೆಯೊಂದು ವಸಡಿನ ಮತ್ತು ತುಟಿಯ ನಡುವೆ ಕೂತರೆ ಅಲ್ಲಿ ಗಾಯವಾಗಿ, ಕೀವುಗಟ್ಟಿ, ಬಾಯಿಯ ಹುಣ್ಣಾಗಿ ಬೆಳೆಯಬಹುದು. ಆದ್ದರಿಂದ ನೀವು ಗಮನಿಸಬೇಕಾದದ್ದು ಊಟದ ನಂತರದ ಹಾವಿನ ಬಾಯಿಯನ್ನು. ನುಂಗಿ ಮುಗಿಸಿದ ಮೇಲೆ ಹಾವು ಒಂದೆರಡು ಸಲ ಅಗಲವಾಗಿ ಬಾಯಿ ತೆರೆದು ಆಕಳಿಸಿದಂತೆ ಮಾಡುವುದು ಸಹಜ, ಅದು ದವಡೆಗಳನ್ನು ಸರಿಯಾಗಿ ಕೂರಿಸಿಕೊಳ್ಳುವ ಕ್ರಿಯೆ. ಆದರೆ ಬಾಯಿಯನ್ನು ಮತ್ತೆ ಮತ್ತೆ ತೆರೆಯುವುದು, ಪೂರ್ತಿ ಮುಚ್ಚದಿರುವುದು, ತಲೆಯನ್ನು ಒಂದೇ ಪಕ್ಕಕ್ಕೆ ಉಜ್ಜುತ್ತಿರುವುದು, ಜೊಲ್ಲಿನ ಗುಳ್ಳೆಗಳು ಕಾಣುವುದು ಇವು ಏನೋ ಸಿಕ್ಕಿಕೊಂಡಿರುವ ಲಕ್ಷಣ. ತುಟಿಯ ಅಂಚಿನಲ್ಲಿ ಕಣ್ಣಿಗೆ ಕಾಣುವ ಚೂರಾದರೆ ನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಸರಿಸಬಹುದು. ಒಳಗಿರುವುದನ್ನು ಚಿಮಟ ಹಾಕಿ ಎಳೆಯಲು ಹೋಗಬೇಡಿ, ಅದು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಕೆಲಸ.

ಕರುಳಿನ ತೊಂದರೆ ಬರುವುದು ಸಾಮಾನ್ಯವಾಗಿ ಸಿಪ್ಪೆಯೊಂದರಿಂದಲೇ ಅಲ್ಲ. ಹಾವು ತನ್ನ ದೇಹದ ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ಪೆಟ್ಟಿಗೆ ತಣ್ಣಗಿದ್ದರೆ ಜೀರ್ಣಕ್ರಿಯೆ ನಿಧಾನವಾಗಿ ಕರುಳಿನ ಚಲನೆ ಕುಗ್ಗುತ್ತದೆ. ಕುಡಿಯುವ ನೀರು ಸಾಲದಿದ್ದರೆ ಒಳಗಿರುವ ಪದಾರ್ಥ ಒಣಗಿ ಗಟ್ಟಿಯಾಗುತ್ತದೆ. ಇವೆರಡರ ಜೊತೆಗೆ ಪ್ರತಿ ಊಟದಲ್ಲೂ ಸಿಪ್ಪೆ ಸೇರುತ್ತಿದ್ದರೆ ಕರುಳು ಕಟ್ಟಿಕೊಳ್ಳುವುದಕ್ಕೆ ದಾರಿಯಾಗುತ್ತದೆ. ಕಾರ್ನ್ ಸ್ನೇಕ್‌ನ ಪೆಟ್ಟಿಗೆಯ ಬೆಚ್ಚನೆಯ ತುದಿ 29ರಿಂದ 32 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮಲ್ಲಿನ ಲೆಕ್ಕದಲ್ಲಿ 85ರಿಂದ 90 ಫ್ಯಾರನ್‌ಹೀಟ್ ಇರಬೇಕು. ಇನ್ನೊಂದು ತುದಿ ಅದಕ್ಕಿಂತ ತಂಪಾಗಿರಬೇಕು. ಶಾಖ ಕೊಡುವ ಸಾಧನ ಯಾವುದೇ ಇರಲಿ, ಅದಕ್ಕೆ ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ತಳದಡಿಯ ಹೀಟ್ ಮ್ಯಾಟ್ ಬಳಸುವವರು ಇನ್ನೊಂದನ್ನು ಮರೆಯಬಾರದು: ಸಿಪ್ಪೆಯ ದಪ್ಪ ಪದರ ಶಾಖವನ್ನು ಮೇಲೆ ಬಿಡುವುದಿಲ್ಲ, ಆದರೆ ಹಾವು ಬಿಲ ತೋಡಿ ಕೆಳಗಿಳಿದು ನೇರವಾಗಿ ಗಾಜಿನ ಮೇಲೆ ಮಲಗಿದಾಗ ಅದರ ಹೊಟ್ಟೆ ಸುಡಬಹುದು. ತಾಪಮಾನವನ್ನು ಸಿಪ್ಪೆಯ ಮೇಲಲ್ಲ, ಸಿಪ್ಪೆಯ ಕೆಳಗೆ ಗಾಜಿಗೆ ತಾಗಿಸಿ ಅಳೆಯಿರಿ.

ಈಗ ನಿಮ್ಮ ಮನೆಯಲ್ಲಿ ನಡೆದದ್ದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಸಿಪ್ಪೆಗಿಂತ ಹೆಚ್ಚಾಗಿ ಇಲಿಯನ್ನು ನೀರಿನಲ್ಲಿ ಮುಳುಗಿಸಿದಿರಿ ಎಂಬ ಮಾತು. ಒದ್ದೆ ಕೈಗೆ ರಾಗಿ ಹಿಟ್ಟು ಮೆತ್ತಿಕೊಳ್ಳುವ ಹಾಗೆ ಒದ್ದೆ ತುಪ್ಪಳಕ್ಕೆ ಸಿಪ್ಪೆ ಮೆತ್ತಿಕೊಳ್ಳುತ್ತದೆ. ಕಾರ್ನ್ ಸ್ನೇಕ್ ಸತ್ತ ಇಲಿಯನ್ನೂ ಬದುಕಿರುವುದೆಂದೇ ಭಾವಿಸಿ ಹಿಡಿದು, ಸುತ್ತಿಕೊಂಡು, ಹಾಸಿನ ಮೇಲೆ ಹೊರಳಾಡಿಸುತ್ತದೆ. ಸಿಪ್ಪೆ ಅಂಟುವುದು ಬಹುತೇಕ ಈ ಹೊತ್ತಿನಲ್ಲಿಯೇ. ಒಣ ಇಲಿಗೆ ಅಂಟುವುದು ಬಹಳ ಕಡಿಮೆ. ಇಲಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಉಣಿಸುವ ಮೊದಲು ಅದೇ ಚೀಲವನ್ನು ತೆರೆಯದೆ ನಲ್ಲಿಯ ಬಿಸಿನೀರಿನಲ್ಲಿ ಇರಿಸಿದರೆ ಇಲಿ ಬಿಸಿಯಾಗುತ್ತದೆ, ಒದ್ದೆಯಾಗುವುದಿಲ್ಲ. ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಹಾವು ಅದನ್ನು ಬೇಗ ಗುರುತಿಸುತ್ತದೆ. ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಒಳಗೆ ಗಟ್ಟಿಯೋ ತಣ್ಣಗೋ ಇದ್ದರೆ ಇನ್ನೂ ಕರಗಿಲ್ಲವೆಂದು ತಿಳಿದು ಮತ್ತೆ ನೀರಿಗೆ ಇಳಿಸಿ. ಮೈಕ್ರೋವೇವ್‌ನಲ್ಲಿ ಎಂದಿಗೂ ಬಿಸಿಮಾಡಬಾರದು: ಒಂದು ಕಡೆ ಬೆಂದು ಒಂದು ಕಡೆ ಹಿಮಗಟ್ಟಿಯೇ ಉಳಿಯುತ್ತದೆ, ಒಳಗೆ ಒಡೆಯುವುದೂ ಉಂಟು. ಚೀಲದಿಂದ ತೆಗೆದ ಮೇಲೆ ಮೂತಿ ಮತ್ತು ಬಾಲದ ಬುಡದಲ್ಲಿ ತೇವವಿರುತ್ತದೆ. ಪೇಪರ್ ಟವೆಲ್‌ನಿಂದ ಒತ್ತಿ ಒಣಗಿಸಿ.

ಆನಂತರ ಉಣಿಸುವ ಜಾಗ. ಪೆಟ್ಟಿಗೆಯೊಳಗೆ ಒಂದು ಅಗಲವಾದ ನುಣುಪು ಕಲ್ಲಿನ ಹಲಗೆಯನ್ನೋ, ನೆಲಕ್ಕೆ ಹಾಕುವ ಸೆರಾಮಿಕ್ ಟೈಲ್ ಅನ್ನೋ ಖಾಯಂ ಆಗಿ ಇಟ್ಟುಬಿಡಿ. ಅಂಚಿಲ್ಲದ ಟೈಲ್ ತಟ್ಟೆಗಿಂತ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತಟ್ಟೆಯನ್ನು ಹಾವು ಮಗುಚಿಬಿಡುತ್ತದೆ; ದಿನವೂ ಅಲ್ಲೇ ಇರುವ ಟೈಲ್ ಅದಕ್ಕೆ ಪರಿಚಿತವಾಗಿರುತ್ತದೆ. ಇಲಿಯನ್ನು 25-30 ಸೆಂಟಿಮೀಟರ್ ಉದ್ದದ ಚಿಮಟದಿಂದ ಸೊಂಟದ ಹತ್ತಿರ ಹಿಡಿದು, ತಲೆ ಹಾವಿನ ಕಡೆಗಿರುವಂತೆ ಟೈಲ್‌ನ ಮೇಲ್ಭಾಗದಲ್ಲಿ ತೋರಿಸಿ. ಹಾವು ಹಿಡಿದ ಮೇಲೆ ಅದು ಇಲಿಯನ್ನು ಸಿಪ್ಪೆಯ ಮೇಲಕ್ಕೆ ಎಳೆದೊಯ್ದರೂ ಕೈಹಾಕಬೇಡಿ. ಅರ್ಧ ನುಂಗಿದ ಇಲಿಯನ್ನು ಸಿಪ್ಪೆ ತೆಗೆಯುವ ಆಸೆಗೆ ಹಿಂದಕ್ಕೆ ಎಳೆದರೆ ಹಾವಿನ ಹಲ್ಲುಗಳು ಮುರಿಯುತ್ತವೆ, ಬಾಯಿಗೆ ಗಾಯವಾಗುತ್ತದೆ, ಸಿಪ್ಪೆಯಿಂದ ಆಗಬಹುದಾದ ಕೇಡಿಗಿಂತ ಅದು ಹೆಚ್ಚಿನ ಕೇಡು. ಅಡಗುತಾಣದೊಳಗೆ ಒಯ್ದು ತಿನ್ನುವ ಸ್ವಭಾವದ ಹಾವಾದರೆ ಊಟದ ದಿನ ಮಾತ್ರ ಅಡಗುತಾಣದ ಬಾಗಿಲ ಬಳಿ ಒಂದು ಪದರ ಹಳೆಯ ಪತ್ರಿಕೆ ಹಾಸಿ, ಮರುದಿನ ತೆಗೆಯಬಹುದು.

ಸಿಪ್ಪೆಯನ್ನೆಲ್ಲ ತೆಗೆಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು, ನಮ್ಮ ಹಿತ್ತಲ ಕೇರೆ ಹಾವಿನ ಕುಟುಂಬದ್ದೇ. ಕಾಡಿನಲ್ಲಿ ಅದು ಸಡಿಲ ತೊಗಟೆಯಡಿ, ಕೊಳೆತ ದಿಮ್ಮಿಯೊಳಗೆ, ಇಲಿಯ ಬಿಲಗಳಲ್ಲಿ ಹಗಲು ಕಳೆಯುತ್ತದೆ. ಸಿಪ್ಪೆಯಲ್ಲಿ ಬಿಲ ಕೊರೆದುಕೊಂಡು ಮೂತಿಯಷ್ಟನ್ನೇ ಹೊರಗಿಟ್ಟು ಕೂರುವ ಅವಕಾಶ ಅದಕ್ಕೆ ನೆಮ್ಮದಿ ಕೊಡುತ್ತದೆ, ನೆಮ್ಮದಿಯಿಲ್ಲದ ಹಾವು ಊಟವನ್ನೇ ಬಿಡುತ್ತದೆ. ಒಂದು ದಿನದ ಊಟದ ತೊಡಕಿಗಾಗಿ ಉಳಿದ ದಿನಗಳ ಆಸರೆಯನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಆದರೆ ಯಾವ ಸಿಪ್ಪೆ ಎಂಬುದು ಮುಖ್ಯ. ಬಡಗಿ ಹತ್ತರಿ ಹೊಡೆಯುವಾಗ ಬೀಳುವಂತಹ ತೆಳುವಾದ, ಬಾಗುವ ಆಸ್ಪೆನ್ ಸಿಪ್ಪೆ ಒಳ್ಳೆಯದು. ಈ ಮರದಲ್ಲಿ ಘಾಟು ಎಣ್ಣೆಗಳಿಲ್ಲ. ಪುಡಿಪುಡಿಯಾದ ಹೊಟ್ಟು ಬೇಡ, ಅದು ಮೂಗು ಬಾಯಿಗಳಿಗೆ ತುಂಬಿಕೊಳ್ಳುತ್ತದೆ. ಕಡ್ಡಿಯಂತೆ ಚೂಪಾಗಿ ಸೀಳಿದ ತುಂಡುಗಳಿದ್ದರೆ ಆರಿಸಿ ತೆಗೆಯಿರಿ. ಸೀಡರ್ ಮರದ ಸಿಪ್ಪೆಯನ್ನು ಯಾವ ಕಾರಣಕ್ಕೂ ತರಬೇಡಿ, ಅದರ ಸುವಾಸನೆಯ ಎಣ್ಣೆಗಳು ಹಾವಿನ ಉಸಿರಾಟಕ್ಕೆ ವಿಷವಾಗುತ್ತವೆ. ಪೈನ್ ಬಗ್ಗೆ ಸಾಕುವವರಲ್ಲೇ ಭಿನ್ನಾಭಿಪ್ರಾಯಗಳಿವೆ. ಆಸ್ಪೆನ್ ಸುಲಭವಾಗಿ ಸಿಗುವ ಊರಿನಲ್ಲಿ ಆ ವಾದಕ್ಕೆ ಇಳಿಯುವ ಅಗತ್ಯವಿಲ್ಲ.

ಪ್ರಶ್ನೆ: ಹಾವನ್ನು ಊಟಕ್ಕೆಂದೇ ಬೇರೆ ಖಾಲಿ ಡಬ್ಬಿಗೆ ವರ್ಗಾಯಿಸಿ ಉಣಿಸಿದರೆ ಸಿಪ್ಪೆಯ ತಂಟೆಯೇ ಇರುವುದಿಲ್ಲ, ಅಲ್ಲದೆ ಪೆಟ್ಟಿಗೆಯೊಳಗೆ ಉಣಿಸಿದರೆ ಹಾವು ಕೈ ಕಂಡೊಡನೆ ಕಚ್ಚಲು ಕಲಿಯುತ್ತದೆ ಎಂದು ಇಲ್ಲಿನ ಪರಿಚಿತರು ಹೇಳುತ್ತಾರೆ. ಇದು ಸರಿಯೇ?
ಓದುಗರೊಬ್ಬರು, ಲೆಸ್ಟರ್, ಬ್ರಿಟನ್

ಉತ್ತರ: ಮೊದಲ ಮಾತು ನಿಜ, ಖಾಲಿ ಡಬ್ಬಿಯಲ್ಲಿ ಸಿಪ್ಪೆ ಇರುವುದಿಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನು ಪರಿಚಿತರು ಹೇಳಿಲ್ಲ. ಊಟ ಮಾಡಿದ ಹಾವನ್ನು ಎತ್ತಿ ಮತ್ತೆ ಪೆಟ್ಟಿಗೆಗೆ ತರಬೇಕು. ಹೊಟ್ಟೆಯಲ್ಲಿ ಇಡೀ ಇಲಿಯಿರುವಾಗ ಎತ್ತಿದರೆ ಹಾವು ತಿಂದದ್ದನ್ನು ಕಕ್ಕಿಬಿಡುವ ಸಾಧ್ಯತೆ ಹೆಚ್ಚು. ಕಕ್ಕುವುದು ಹಾವಿಗೆ ಬಲು ದಣಿವಿನ ಸಂಗತಿ. ಜಠರದ ಆಮ್ಲ ಗಂಟಲನ್ನು ಸುಡುತ್ತದೆ, ದೇಹದ ನೀರು ನಷ್ಟವಾಗುತ್ತದೆ. ಊಟದ ನಂತರ ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು ಎಂಬ ನಿಯಮ ಇದಕ್ಕಾಗಿಯೇ ಇದೆ, ಡಬ್ಬಿಯ ಪದ್ಧತಿ ಆ ನಿಯಮವನ್ನು ಪ್ರತಿ ಊಟದಲ್ಲೂ ಮುರಿಯುತ್ತದೆ. ಹಸಿದ ಹಾವು ಆಹಾರದ ವಾಸನೆಯ ಉದ್ವೇಗದಲ್ಲಿರುವಾಗ ಅದನ್ನು ಕೈಯಿಂದ ಎತ್ತಿ ಸಾಗಿಸುವುದೇ ಕಚ್ಚಿಸಿಕೊಳ್ಳುವುದಕ್ಕೆ ಹೆಚ್ಚು ಸರಳವಾದ ದಾರಿ.

ಕೈ ಕಂಡೊಡನೆ ಕಚ್ಚುವುದನ್ನು ತಪ್ಪಿಸಲು ಬೇರೆ ಉಪಾಯವಿದೆ. ಹಾವನ್ನು ಎತ್ತಿಕೊಳ್ಳಲು ಹೋಗುವಾಗಲೆಲ್ಲ ಮೊದಲು ಹಾವು ಹಿಡಿಯುವ ಕೊಕ್ಕೆಯಿಂದಲೋ ಸುತ್ತಿದ ಕಾಗದದಿಂದಲೋ ಅದರ ಮೈಯನ್ನು ಮೃದುವಾಗಿ ಮುಟ್ಟಿ. ಊಟದ ದಿನ ಮಾತ್ರ ಮುಟ್ಟಬೇಡಿ. ಕೆಲವು ವಾರಗಳಲ್ಲಿ ಹಾವು ಈ ಮುಟ್ಟುವಿಕೆಗೂ ಊಟಕ್ಕೂ ಸಂಬಂಧವಿಲ್ಲವೆಂದು ತಿಳಿಯುತ್ತದೆ. ಇಲಿಯನ್ನು ಹಿಡಿದ ಕೈಯನ್ನು ತೊಳೆಯದೆ ಪೆಟ್ಟಿಗೆಗೆ ಕೈಹಾಕುವುದನ್ನು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಮೊಟ್ಟೆಯೊಡೆದು ಎರಡು ತಿಂಗಳಾದ ಕಾರ್ನ್ ಸ್ನೇಕ್ ಮರಿಯನ್ನು ತರಲಿದ್ದೇವೆ. ಮೊದಲ ದಿನದಿಂದಲೇ ಸಿಪ್ಪೆ ಹಾಸಬಹುದೇ?
ಓದುಗರೊಬ್ಬರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಮೊದಲ ಕೆಲವು ತಿಂಗಳು ಪೇಪರ್ ಟವೆಲ್ ಹಾಸಿ. ದೊಡ್ಡ ಹಾವಿಗೆ ಏನೂ ಅಲ್ಲದ ಸಿಪ್ಪೆ ಪೆನ್ಸಿಲಿನಷ್ಟು ದಪ್ಪದ ಮರಿಯ ಬಾಯಿಗೆ ದೊಡ್ಡ ತುಂಡೇ ಆಗುತ್ತದೆ. ಮರಿಗೆ ಕೊಡುವ ಆಹಾರವೂ ಬೇರೆ, ಕೂದಲು ಮೂಡದ ಗುಲಾಬಿ ಬಣ್ಣದ ಇಲಿಮರಿ. ಅದರ ತೇವದ ಬರಿಮೈಗೆ ಎಲ್ಲವೂ ಅಂಟುತ್ತದೆ. ಕಾಗದದ ಮೇಲಿದ್ದರೆ ಹಿಕ್ಕೆ ಬಿತ್ತೇ, ತಿಂದದ್ದನ್ನು ಕಕ್ಕಿತೇ ಎಂಬುದು ಒಂದೇ ನೋಟಕ್ಕೆ ತಿಳಿಯುವುದು ಇನ್ನೊಂದು ಅನುಕೂಲ. ಕಾಗದವನ್ನು ಒಂದೇ ಪದರ ಹಾಸದೆ ಎರಡು ಮೂರು ಪದರ ಸಡಿಲವಾಗಿ ಹಾಸಿ, ಮರಿ ನಡುವೆ ನುಸುಳಿ ಅಡಗಿಕೊಳ್ಳಲಿ. ಐದರಿಂದ ಏಳು ದಿನಕ್ಕೊಮ್ಮೆ ಒಂದು ಇಲಿಮರಿ ಸಾಕು. ಹಾವಿನ ಮೈಯ ಅತಿ ದಪ್ಪ ಭಾಗದಷ್ಟು, ಹೆಚ್ಚೆಂದರೆ ಅದರ ಒಂದೂವರೆಯಷ್ಟು ದಪ್ಪದ ಆಹಾರ ಎಂಬ ಅಳತೆಯನ್ನು ಮೀರಬೇಡಿ. ತಪ್ಪದೆ ತಿನ್ನುತ್ತಾ, ಪೊರೆ ಬಿಡುತ್ತಾ, ಕೂದಲಿರುವ ಇಲಿಗೆ ಬರುವಷ್ಟು ಬೆಳೆದಾಗ ಸಿಪ್ಪೆಗೆ ಬದಲಾಯಿಸಿ. ಬೆಳೆದ ಮೇಲೆ ಊಟದ ಅಂತರ 10ರಿಂದ 14 ದಿನಕ್ಕೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಬಾಲ್ ಪೈಥಾನ್. ಅದಕ್ಕೂ ಆಸ್ಪೆನ್ ಆಗುತ್ತದೆಯೇ?
ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಆಗುವುದಿಲ್ಲ ಎಂದೇ ಹೇಳುತ್ತೇನೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಹಾವಿಗೆ ಪೆಟ್ಟಿಗೆಯ ಗಾಳಿಯಲ್ಲಿ ಶೇಕಡಾ 60ರ ಆಸುಪಾಸಿನಲ್ಲಾದರೂ ತೇವಾಂಶ ಬೇಕು, ಇಲ್ಲವಾದರೆ ಪೊರೆ ತುಂಡುತುಂಡಾಗಿ ಮೈಗೆ ಅಂಟಿಕೊಂಡು ಉಳಿಯುತ್ತದೆ. ಅಷ್ಟು ತೇವ ಸಿಕ್ಕರೆ ಆಸ್ಪೆನ್ ಬೂಷ್ಟು ಹಿಡಿಯುತ್ತದೆ. ತೆಂಗಿನ ಸಿಪ್ಪೆಯ ತುಂಡುಗಳು ಅಥವಾ ಸೈಪ್ರೆಸ್ ಮರದ ಚೂರು ಒಳ್ಳೆಯದು. ಭಾರತದಿಂದಲೂ ಶ್ರೀಲಂಕಾದಿಂದಲೂ ರಫ್ತಾಗುವ ತೆಂಗಿನ ಈ ಸರಕು ನಿಮ್ಮ ಊರಿನ ಅಂಗಡಿಯಲ್ಲಿ ಇಟ್ಟಿಗೆಯಾಕಾರದಲ್ಲಿ ಸಿಗುತ್ತದೆ. ದಪ್ಪ ತುಂಡು ಇಲಿಗೆ ಅಂಟುವುದಿಲ್ಲ. ಅದೇ ತೆಂಗಿನ ನಾರಿನ ನುಣುಪು ಪುಡಿ ಮಾತ್ರ ಆಸ್ಪೆನ್‌ಗಿಂತ ಹೆಚ್ಚಾಗಿ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಪುಡಿಗಿಂತ ತುಂಡನ್ನೇ ಆರಿಸಿ. ಬಾಲ್ ಪೈಥಾನ್ ಊಟದ ವಿಷಯದಲ್ಲಿ ನಾಜೂಕು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರುವುದೂ ಉಂಟು. ಜಾಗ ಬದಲಿಸಿದರೆ ತಿನ್ನುವುದೇ ಇಲ್ಲ. ಅದು ಅಡಗಿ ಕೂತಿರುವ ಗೂಡಿನ ಬಾಯಿಗೆ ಚಿಮಟದಲ್ಲಿ ಇಲಿಯನ್ನು ಹಿಡಿದು ತೋರಿಸಿ. ಹಿಡಿದ ಮೇಲೆ ದೀಪ ಆರಿಸಿ ಹೊರಟುಬಿಡಿ.

ಪ್ರಶ್ನೆ: ಜೀವಂತ ಇಲಿ ಕೊಟ್ಟರೆ ಅದು ಒಣಗಿಯೇ ಇರುತ್ತದಲ್ಲ, ಸಿಪ್ಪೆ ಅಂಟುವುದಿಲ್ಲ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಮೂಲೆಗೆ ಸಿಕ್ಕ ಇಲಿ ಹಾವಿನ ಕಣ್ಣನ್ನೋ ಬೆನ್ನನ್ನೋ ಕಚ್ಚಿ ಹರಿಯುತ್ತದೆ, ಇಲಿಗೂ ಅನಗತ್ಯ ಹಿಂಸೆ. ಹಿಡಿಯುವ ಗಲಾಟೆಯಲ್ಲಿ ಸಿಪ್ಪೆಯೂ ಹೆಚ್ಚೇ ಹಾರುತ್ತದೆ.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಇಲಿಗಳನ್ನು ಅಡುಗೆಮನೆಯ ಫ್ರೀಜರಿನಲ್ಲಿ ಇಡುವುದು ಸರಿಯೇ? ಫ್ರೀಜರಿನಲ್ಲಿ ರೋಗಾಣು ಸಾಯುತ್ತದೆಯಲ್ಲವೇ?
ಓದುಗರೊಬ್ಬರು, ಸ್ಲೌ, ಬ್ರಿಟನ್

ಉತ್ತರ: ಸಾಯುವುದಿಲ್ಲ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಿಮಗಟ್ಟಿದ ಇಲಿಯಲ್ಲೂ ಬದುಕಿ ಉಳಿಯುತ್ತದೆ. ಅಮೆರಿಕದಲ್ಲಿ 2010ರಲ್ಲಿ ಸರೀಸೃಪಗಳ ಆಹಾರವಾಗಿ ಮಾರಿದ ಹಿಮಗಟ್ಟಿದ ಇಲಿಗಳಿಂದ ಜನರಿಗೆ ಈ ಸೋಂಕು ತಗುಲಿ, ಮಾರಿದ ಇಲಿಗಳನ್ನು ಹಿಂಪಡೆಯಬೇಕಾಯಿತು. ಬ್ರಿಟನ್ನಿನಲ್ಲೂ ಹಾವಿಗೆ ಕೊಡುವ ಇಲಿಗಳಿಂದಲೇ ಸೋಂಕು ಹರಡಿದ್ದನ್ನು ಆರೋಗ್ಯ ಇಲಾಖೆ ಗುರುತಿಸಿದೆ. ಹಾವಿನ ಕರುಳಿನಲ್ಲೂ ಇದು ಯಾವ ಲಕ್ಷಣವನ್ನೂ ತೋರದೆ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಇದರ ಅಪಾಯ ಹೆಚ್ಚು. ಸಾಧ್ಯವಾದರೆ ಇಲಿಗೆಂದೇ ಪುಟ್ಟ ಫ್ರೀಜರ್ ಇಡಿ. ಇಲ್ಲವಾದರೆ ಎರಡು ಚೀಲಗಳ ಒಳಗೆ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಊಟದ ಪದಾರ್ಥಗಳಿಂದ ದೂರ, ಕೆಳಗಿನ ಖಾನೆಯಲ್ಲಿಡಿ. ಇಲಿ ಕರಗಿಸುವ ಪಾತ್ರೆ ಬೇರೆಯೇ ಇರಲಿ, ಅದನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಹಾವು ಉಂಡ ಟೈಲ್ ಅನ್ನು ಮರುದಿನ ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಇಲಿಯ ರಸ ತಾಗಿದ ಸಿಪ್ಪೆಯನ್ನು ಬೊಗಸೆಯಷ್ಟು ಹೆಚ್ಚೇ ತೆಗೆದು ಎಸೆಯಿರಿ, ಏಕೆಂದರೆ ಒದ್ದೆ ಸಿಪ್ಪೆ ಬೇಗ ಬೂಷ್ಟು ಹಿಡಿಯುತ್ತದೆ. ಪುಟ್ಟ ಮಗಳು ಹಾವನ್ನು ಗಾಜಿನ ಆಚೆಯಿಂದ ನೋಡಲಿ, ಮುಟ್ಟುವುದು ಇನ್ನೆರಡು ವರ್ಷ ಕಾಯಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ವಿದೇಶದಲ್ಲಿರುವ ಸೋದರಸಂಬಂಧಿಯ ಹಾವನ್ನು ಕಂಡ ಮೇಲೆ ನನಗೂ ಸಾಕುವ ಆಸೆಯಾಗಿದೆ. ನಮ್ಮಲ್ಲಿ ಇದಕ್ಕೆ ಅವಕಾಶವಿದೆಯೇ?

ಉತ್ತರ: ನಾಗರ, ಕೇರೆ, ಹೆಬ್ಬಾವು ಸೇರಿದಂತೆ ನಮ್ಮ ನೆಲದ ಹಾವುಗಳನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂತಹ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿಯ ಪ್ರಕಾರ ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ದಾಖಲೆಯಿಲ್ಲದೆ ಮಾರುವವರಿಂದ ಕೊಳ್ಳಬೇಡಿ; ಆ ಪ್ರಾಣಿ ಹೇಗೆ ಬಂದಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ಅಮೆರಿಕದಲ್ಲೂ ಎಲ್ಲೆಡೆ ಒಂದೇ ನಿಯಮವಿಲ್ಲ; ಜಾರ್ಜಿಯಾ ರಾಜ್ಯದಲ್ಲಿ ಕಾರ್ನ್ ಸ್ನೇಕ್ ಸ್ಥಳೀಯ ಹಾವಾದ್ದರಿಂದ ಅದನ್ನು ಮನೆಯಲ್ಲಿ ಸಾಕುವಂತಿಲ್ಲ.

ಪ್ರಶ್ನೆ: ಕರುಳು ಕಟ್ಟಿದೆ ಎಂದು ತಿಳಿಯುವುದು ಹೇಗೆ? ಎಷ್ಟು ದಿನ ಕಾಯಬಹುದು?
ಓದುಗರೊಬ್ಬರು, ಟೊರಾಂಟೊ, ಕೆನಡಾ

ಉತ್ತರ: ದಿನಗಳ ಲೆಕ್ಕವೊಂದನ್ನೇ ನಂಬಬೇಡಿ. ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಊಟವಾದ ಒಂದು ವಾರದ ಹೊತ್ತಿಗೆ ಹಿಕ್ಕೆ ಹಾಕುತ್ತದೆ, ಬಾಲ್ ಪೈಥಾನ್ ಎರಡು ಮೂರು ಊಟಗಳ ನಂತರ ಒಮ್ಮೆ ಹಾಕುವುದೂ ಸಹಜವೇ. ನಿಮ್ಮ ಹಾವಿನ ವಾಡಿಕೆ ಏನೆಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದರೆ ಅದು ತಪ್ಪಿದಾಗ ತಾನಾಗಿ ತಿಳಿಯುತ್ತದೆ. ವಾಡಿಕೆ ತಪ್ಪಿರುವುದರ ಜೊತೆಗೆ ಹೊಟ್ಟೆಯ ಹಿಂಭಾಗದಲ್ಲಿ ಗಟ್ಟಿ ಉಬ್ಬು, ಊಟ ನಿರಾಕರಣೆ, ತಿಂದದ್ದನ್ನು ಕಕ್ಕುವುದು, ಹಿಕ್ಕೆಗೆಂದು ತಿಣುಕಿದರೂ ಏನೂ ಬಾರದಿರುವುದು, ಗುದದ್ವಾರದಿಂದ ಕೆಂಪು ಮಾಂಸ ಹೊರಬಂದಿರುವುದು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ವೈದ್ಯರ ಬಳಿಗೆ ಒಯ್ಯಿರಿ. ಎಕ್ಸ್-ರೇಯಲ್ಲಿ ಒಳಗಿನ ಸ್ಥಿತಿಯ ಅಂದಾಜು ಸಿಗುತ್ತದೆ. ಮನೆಯಲ್ಲಿ ಹರಳೆಣ್ಣೆ ಕುಡಿಸುವುದು, ಹೊಟ್ಟೆ ಒತ್ತುವುದು ಖಂಡಿತ ಬೇಡ. ಹಾವು ಚುರುಕಾಗಿದ್ದು, ಬರೀ ಹಿಕ್ಕೆ ಮಾತ್ರ ತಡವಾಗಿದ್ದರೆ ಪೆಟ್ಟಿಗೆಯ ಶಾಖವನ್ನು ಅಳೆದು ಸರಿಪಡಿಸಿ, ಮುಂದಿನ ಊಟವನ್ನು ತಡೆಹಿಡಿದು, ಹಾವಿನ ಮೈಯ ಎತ್ತರ ಮೀರದಷ್ಟು ಉಗುರುಬೆಚ್ಚನೆಯ ನೀರಿರುವ ಡಬ್ಬಿಯಲ್ಲಿ ಕಾಲು ಗಂಟೆ ಬಿಡಬಹುದು. ಆ ಹೊತ್ತಿನಲ್ಲಿ ಪಕ್ಕದಲ್ಲೇ ಇರಿ. ಉತ್ತರ ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರದೇ ಸಂಘವೊಂದಿದೆ. ಅದರ ಸದಸ್ಯರ ಪಟ್ಟಿಯಿಂದ ನಿಮ್ಮ ಊರಿಗೆ ಹತ್ತಿರದ ವೈದ್ಯರನ್ನು ಹಾವು ಆರೋಗ್ಯವಾಗಿರುವಾಗಲೇ ಹುಡುಕಿ, ದೂರವಾಣಿ ಸಂಖ್ಯೆಯನ್ನು ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿಡಿ.